ಕೈತೋಟ ಪ್ರಶ್ನೋತ್ತರ: ಟೊಮೆಟೊ, ಆಲೂಗಡ್ಡೆಗೆ ಬರುವ ಕೊನೆ ಅಂಗಮಾರಿ

ಜಿಟಿಜಿಟಿ ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ರೋಗದ ಬಗ್ಗೆ ಕೇಳಿವೆ. ಗೊಬ್ಬರದ ಅಂಗಡಿಯಲ್ಲಿ ‘ಲೇಟ್ ಬ್ಲೈಟ್’ ಎಂದು ಕರೆಯುವ ಕೊನೆ ಅಂಗಮಾರಿ ಅದು. ಉಳಿದ ಎಲೆರೋಗಗಳಿಗೆ ವಾರಗಟ್ಟಲೆ ಸಮಯ ಸಿಗುತ್ತದೆ, ಇದಕ್ಕೆ ಸಿಗುವುದಿಲ್ಲ. ಅದಕ್ಕೇ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ತಾರಸಿಯಲ್ಲಿ ಗ್ರೋ ಬ್ಯಾಗ್‌ಗಳಲ್ಲಿ ಹನ್ನೆರಡು ಟೊಮೆಟೊ ಗಿಡ ಬೆಳೆಸಿದ್ದೇನೆ. ನಾಲ್ಕು ದಿನ ಬಿಸಿಲೇ ಬೀಳಲಿಲ್ಲ. ಈಗ ಎಲೆಗಳ ಮೇಲೆ ಕಪ್ಪು ಮಚ್ಚೆ ಎದ್ದಿವೆ. ಒಬ್ಬರು ಅಂಗಮಾರಿ ಅನ್ನುತ್ತಾರೆ, ಇನ್ನೊಬ್ಬರು ಬರೀ ಎಲೆಚುಕ್ಕೆ, ಹೆದರಬೇಡಿ ಅನ್ನುತ್ತಾರೆ. ತಿಳಿಯುವುದು ಹೇಗೆ?
— ಓದುಗರು, ಬನಶಂಕರಿ, ಬೆಂಗಳೂರು

ಉತ್ತರ: ಬೆಳಿಗ್ಗೆ ಆರೂವರೆ, ಏಳರ ಒಳಗೆ, ಇಬ್ಬನಿ ಆರುವ ಮುಂಚೆ ಗಿಡದ ಹತ್ತಿರ ಹೋಗಿ. ಮಚ್ಚೆಯಿರುವ ಎಲೆಯನ್ನು ಮಗುಚಿ ಕೆಳಭಾಗ ನೋಡಿ. ಮಚ್ಚೆಯ ನಡುಭಾಗ ಕಂದಾಗಿ ಸತ್ತಂತಿರುತ್ತದೆ, ಅದರ ಸುತ್ತ ಮಸುಕು ಹಸಿರಿನ, ನೀರು ಹೀರಿದಂತಿರುವ ಅಂಚು. ಸತ್ತ ಭಾಗ ಮತ್ತು ಜೀವಂತ ಭಾಗ ಕೂಡುವ ಆ ಅಂಚಿನಲ್ಲಿ ತೆಳುವಾದ ಬಿಳಿ ಬೂಷ್ಟು ಕಂಡರೆ ಅದು ಕೊನೆ ಅಂಗಮಾರಿ, ಅನುಮಾನ ಬೇಡ. ಹತ್ತು ಗಂಟೆಯ ಬಿಸಿಲಿಗೆ ಆ ಬೂಷ್ಟು ಒಣಗಿ ಕಾಣದಂತಾಗುತ್ತದೆ. ಮಧ್ಯಾಹ್ನ ನೋಡಿದವರಿಗೂ ಬೆಳಿಗ್ಗೆ ನೋಡಿದವರಿಗೂ ಅಭಿಪ್ರಾಯ ಬೇರೆ ಬರುವುದು ಇದರಿಂದಲೇ.

ಬೂಷ್ಟು ಕಾಣದೆ ಅನುಮಾನ ಉಳಿದರೆ ಮಚ್ಚೆಯಿರುವ ಒಂದು ಎಲೆ ಕಿತ್ತು, ಒದ್ದೆ ಮಾಡಿ ಹಿಂಡಿದ ಟಿಶ್ಯೂ ಕಾಗದದ ಜೊತೆ ಪಾಲಿಥೀನ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ. ಮನೆಯೊಳಗೆ ತಂಪಾದ ಕಡೆ ರಾತ್ರಿಯಿಡೀ ಇಡಿ. ಎಲೆಯ ಕೆಳಮೈ ಮೇಲಕ್ಕಿರಲಿ. ಬೆಳಗಾಗುವಷ್ಟರಲ್ಲಿ, ಹೆಚ್ಚೆಂದರೆ ಮರುದಿನ, ಅಂಚಿನಲ್ಲಿ ಬಿಳಿ ಬೂಷ್ಟು ಏಳುತ್ತದೆ. ನೋಡಿದ ಮೇಲೆ ಕವರನ್ನು ಬಿಚ್ಚದೆ ಹಾಗೇ ಎಸೆಯಿರಿ.

ನಿಮಗೆ ‘ಬರೀ ಎಲೆಚುಕ್ಕೆ’ ಅಂದವರು ಬಹುಶಃ ಮುಂಚಿನ ಅಂಗಮಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿರಬೇಕು. ಅದು ಆಲ್ಟರ್ನೇರಿಯಾ ಎಂಬ ಶಿಲೀಂಧ್ರದ್ದು. ಬುಡದ ಹಳೆಯ ಎಲೆಗಳಿಂದ ಶುರುವಾಗುತ್ತದೆ, ಕಂದು ಮಚ್ಚೆಯೊಳಗೆ ಒಂದರೊಳಗೊಂದು ಉಂಗುರಗಳು ಸ್ಪಷ್ಟವಾಗಿರುತ್ತವೆ, ಸುತ್ತ ಎಲೆ ಹಳದಿಯಾಗುತ್ತದೆ, ನಿಧಾನವಾಗಿ ಮೇಲೇರುತ್ತದೆ. ಕೊನೆ ಅಂಗಮಾರಿಗೆ ಉಂಗುರವಿಲ್ಲ, ಆಕಾರವಿಲ್ಲ. ಎಲೆಯ ತುದಿ ಅಥವಾ ಅಂಚಿನಿಂದ, ಬಿಸಿನೀರು ಬಿದ್ದು ಬೆಂದ ಹಾಗೆ ಶುರುವಾಗಿ, ಗಿಡದ ಯಾವ ಎತ್ತರದಲ್ಲಾದರೂ ಬರುತ್ತದೆ. ಕಾಂಡವನ್ನೂ ನೋಡಿ: ಎಲೆತೊಟ್ಟು ಕಾಂಡಕ್ಕೆ ಸೇರುವ ಗೆಣ್ಣಿನಲ್ಲಿ, ಕುಡಿಯ ಹತ್ತಿರ, ಕಡುಕಂದು ಪಟ್ಟೆ ಇದ್ದರೆ ಅದು ಇದೇ ರೋಗದ ಗುರುತು. ಕಾಯಿಯಲ್ಲಾದರೆ ತೊಟ್ಟಿನ ಕಡೆಯ ಹೆಗಲಿನಲ್ಲಿ ಎಣ್ಣೆ ಸವರಿದಂಥ ಕಂದು, ಒರಟಾದ ಮಚ್ಚೆ ಬರುತ್ತದೆ. ಒತ್ತಿದರೆ ಗಟ್ಟಿಯಾಗಿರುತ್ತದೆ. ಕಾಯಿಯ ತಳ ಕಪ್ಪಾಗಿ ಗುಳಿ ಬಿದ್ದಿದ್ದರೆ ಅದು ಕ್ಯಾಲ್ಸಿಯಂ ಕೊರತೆಯ ತಳಕೊಳೆ. ಅಂಗಮಾರಿಗೂ ಅದಕ್ಕೂ ಸಂಬಂಧವಿಲ್ಲ. ಮಣ್ಣಿಗೆ ತಾಗಿದ ಕಾಯಿಯಲ್ಲಿ ಕಂದು ಪಟ್ಟೆಗಳ ದೊಡ್ಡ ಸುತ್ತು ಕಂಡರೆ ಅದು ಇದರ ದಾಯಾದಿ ರೋಗ, ಮಣ್ಣಿನಿಂದ ಸಿಡಿದದ್ದು. ಅದಕ್ಕೆ ಗಿಡ ಎತ್ತಿ ಕಟ್ಟಿ ಹುಲ್ಲಿನ ಹೊದಿಕೆ ಹಾಸಿದರೆ ಬಹುಮಟ್ಟಿಗೆ ನಿಲ್ಲುತ್ತದೆ.

ಪ್ರಶ್ನೆ: ಹಿತ್ತಲಿನ ಎರಡು ಮಡಿಯಲ್ಲಿ ಟೊಮೆಟೊ, ಪಕ್ಕದ ಮೂರು ಸಾಲಿನಲ್ಲಿ ಆಲೂಗಡ್ಡೆ. ಮೂಲೆಯ ಎರಡು ಟೊಮೆಟೊ ಗಿಡಕ್ಕೆ ಮಾತ್ರ ರೋಗ ಬಂದಿದೆ. ಬರೀ ಎಲೆ ಕಿತ್ತರೆ ಸಾಕೇ?
— ಓದುಗರು, ಹೊಳೆನರಸೀಪುರ ತಾಲ್ಲೂಕು, ಹಾಸನ

ಉತ್ತರ: ಸಾಲದು. ಆ ಎರಡೂ ಗಿಡ ಇವತ್ತೇ ಹೋಗಬೇಕು. ಕಾಯಿ ತುಂಬಿರುವ ಗಿಡ ಕೀಳಲು ಕೈ ಬರುವುದಿಲ್ಲ, ನಿಜ. ಆದರೆ ಸೋಂಕು ಎಲೆಗೆ ಇಳಿದು ಮಚ್ಚೆಯಾಗಿ ಕಾಣುವುದಕ್ಕೆ ಮೂರರಿಂದ ಏಳು ದಿನ ಬೇಕು. ಎರಡು ಗಿಡದಲ್ಲಿ ಮಚ್ಚೆ ಕಂಡಿದೆ ಎಂದರೆ ಸುತ್ತಲಿನವುಗಳಲ್ಲಿ ಕಣ್ಣಿಗೆ ಕಾಣದ ಸೋಂಕು ಆಗಲೇ ಕೂತಿರಬಹುದು. ಒಂದೊಂದು ಮಚ್ಚೆಯ ಅಂಚಿನಲ್ಲೂ ಸಾವಿರಾರು ಬೀಜಕಣ ಹುಟ್ಟಿ ಗಾಳಿ ಮತ್ತು ಮಳೆಹನಿಯಲ್ಲಿ ಹಾರುತ್ತವೆ. ಮೋಡ ಮುಚ್ಚಿದ ದಿನಗಳಲ್ಲಿ ಅವು ಕಿಲೋಮೀಟರ್‌ಗಟ್ಟಲೆ ಹೋಗಿಯೂ ಬದುಕಿರುತ್ತವೆ.

ಕೀಳುವಾಗ ಎಲೆ ಒಣಗಿರಲಿ. ಒದ್ದೆಯಲ್ಲಿ ಅಲ್ಲಾಡಿಸಿದರೆ ನೀವೇ ರೋಗ ಹರಡಿದಂತಾಗುತ್ತದೆ. ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಗಿಡದ ತಲೆಯಿಂದ ಕೆಳಕ್ಕೆ ಇಳಿಸಿ, ಬುಡದಲ್ಲಿ ಕತ್ತರಿಸಿ, ಬಾಯಿ ಬಿಗಿದು, ಬಿಸಿಲಿನಲ್ಲಿ ಎರಡು ವಾರ ಇಡಿ. ಒಳಗಿನದು ಪೂರ್ತಿ ಸತ್ತ ಮೇಲೆ ಒಂದೂವರೆ ಅಡಿ ಆಳದಲ್ಲಿ ಹೂಳಬಹುದು. ತೆರೆದ ತಿಪ್ಪೆಯ ಮೇಲೆ ಎಸೆಯುವುದು ಮಾತ್ರ ಬೇಡ. ಬಾಡಿ ಸಾಯುವವರೆಗೂ ಅಲ್ಲಿಂದ ಬೀಜಕಣ ಹಾರುತ್ತಲೇ ಇರುತ್ತವೆ. ಆಮೇಲೆ ಕತ್ತರಿ ಮತ್ತು ಕೈಯನ್ನು ಸಾಬೂನಿನಲ್ಲಿ ತೊಳೆದು, ಉಳಿದ ಗಿಡಗಳಿಗೆ ಅಂದೇ ಔಷಧಿ ಹೊಡೆಯಿರಿ. ವಿವರ ಮುಂದಿನ ಉತ್ತರಗಳಲ್ಲಿದೆ.

ನಿಮ್ಮ ಆಲೂಗಡ್ಡೆಗೆ ಇನ್ನೂ ಜಾಗ್ರತೆ ಬೇಕು, ಎರಡಕ್ಕೂ ಬರುವುದು ಒಂದೇ ರೋಗ. ಎಲೆಯಿಂದ ತೊಳೆದು ಇಳಿದ ಬೀಜಕಣ ಮಣ್ಣಿನ ಬಿರುಕಿನಲ್ಲಿ ಗಡ್ಡೆ ಸೇರುತ್ತವೆ. ಆದ್ದರಿಂದ ಬುಡಕ್ಕೆ ಆರು ಇಂಚು ದಪ್ಪ ಮಣ್ಣೇರಿಸಿ, ಬಿರುಕು ಮುಚ್ಚಿ. ಎಲೆಯಲ್ಲಿ ರೋಗ ಅರ್ಧಕ್ಕಿಂತ ಹೆಚ್ಚು ಹಬ್ಬಿ, ಗಡ್ಡೆ ಬಲಿಯುವ ಹಂತದಲ್ಲಿದ್ದರೆ ಹಂಬನ್ನು ನೆಲಮಟ್ಟಕ್ಕೆ ಕೊಯ್ದು ಹೊರಗೆ ಹಾಕಿ, ಎರಡು ವಾರ ಕಾದು ಆಮೇಲೆ ಕೀಳಿ. ಅಷ್ಟರಲ್ಲಿ ಸಿಪ್ಪೆ ಗಟ್ಟಿಯಾಗುತ್ತದೆ, ಮೇಲ್ಮಣ್ಣಿನ ಬೀಜಕಣ ಸಾಯುತ್ತವೆ. ಹಂಬು ಹಸಿರಿರುವಾಗಲೇ ಗಡ್ಡೆ ಕಿತ್ತರೆ ಎಲೆಯ ರೋಗ ಗಡ್ಡೆಗೆ ಅಂಟಿ, ಮನೆಯ ಮೂಲೆಯಲ್ಲಿ ರಾಶಿ ಹಾಕಿದ್ದು ಕೊಳೆಯುತ್ತದೆ. ಸಿಪ್ಪೆಯ ಮೇಲೆ ತುಸು ತಗ್ಗಿದ ಮಬ್ಬು ಕಲೆ, ಕೊಯ್ದರೆ ಒಳಗೆ ಇಟ್ಟಿಗೆ ಬಣ್ಣದ ಒಣಗಿದಂಥ ಕೊಳೆ ಇರುವ ಗಡ್ಡೆಗಳನ್ನು ಬೇರ್ಪಡಿಸಿ.

ಪ್ರಶ್ನೆ: ಅಡಿಕೆಗೆ ಹೊಡೆಯಲು ತಂದ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಮನೆಯಲ್ಲಿವೆ. ಅದೇ ಬೋರ್ಡೋ ದ್ರಾವಣ ಟೊಮೆಟೊಗೆ ಆಗುತ್ತದೆಯೇ? ಸ್ವಲ್ಪವೇ ಮಾಡುವುದು ಹೇಗೆ?
— ಓದುಗರು, ಶಿರಸಿ

ಉತ್ತರ: ಚೆನ್ನಾಗಿ ಆಗುತ್ತದೆ. ಅಡಿಕೆಯ ಕೊಳೆರೋಗ ತರುವುದೂ ಕೊನೆ ಅಂಗಮಾರಿ ತರುವುದೂ ಫೈಟಾಫ್ತೊರಾ ಎಂಬ ಒಂದೇ ಕುಲದ ಜೀವಿಗಳು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ತೋಟಗಳಿಗೆ ಹೇಳಿಕೊಟ್ಟ ಔಷಧಿಯೇ ಇದು. ಫ್ರಾನ್ಸಿನಲ್ಲಿ 1885ರ ಸುಮಾರಿಗೆ ದ್ರಾಕ್ಷಿಗೆಂದು ಬಳಕೆಗೆ ಬಂದದ್ದು.

ಹತ್ತು ಲೀಟರ್‌ಗೆ ಲೆಕ್ಕ: ಮೈಲುತುತ್ತ 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ. ಇದು ಶೇ 1ರ ದ್ರಾವಣ. ಬಲಿತ ಗಿಡಕ್ಕೆ ಇದು ಸರಿ. ಸಸಿ ಮತ್ತು ನಾಟಿಯಾಗಿ ಮೂರು ವಾರ ತುಂಬದ ಗಿಡಕ್ಕೆ ಎರಡನ್ನೂ 50 ಗ್ರಾಂಗೆ ಇಳಿಸಿ, ಇಲ್ಲವಾದರೆ ಎಳೆ ಎಲೆ ಸುಡಬಹುದು.

ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಐದು ಲೀಟರ್ ನೀರಿರುವ ಪ್ಲಾಸ್ಟಿಕ್ ಬಕೆಟ್ಟಿನ ಮೇಲ್ಭಾಗದಲ್ಲಿ ಮುಳುಗುವಂತೆ ರಾತ್ರಿ ತೂಗಿಬಿಡಿ. ತಳಕ್ಕೆ ಸುರಿದರೆ ಕರಗಲು ಬಹಳ ಹೊತ್ತು ಹಿಡಿಯುತ್ತದೆ. ಕಬ್ಬಿಣ, ತಗಡಿನ ಪಾತ್ರೆ ಮುಟ್ಟಬೇಡಿ; ತಾಮ್ರವೆಲ್ಲ ಪಾತ್ರೆಗೇ ಹತ್ತುತ್ತದೆ. ಇನ್ನೊಂದು ಬಕೆಟ್ಟಿನಲ್ಲಿ ಸುಣ್ಣಕ್ಕೆ ಮೊದಲು ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ, ಆಮೇಲೆ ಐದು ಲೀಟರ್ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಸ್ಪ್ರೇಯರ್‌ನ ಮೂತಿ ಕಟ್ಟುತ್ತದೆ. ಎರಡೂ ತಣ್ಣಗಾದ ಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ಕಲಕಿ. ಸುಣ್ಣವನ್ನು ತುತ್ತಕ್ಕೆ ಸುರಿಯಬೇಡಿ: ದಪ್ಪ ಕಣಗಳಾಗಿ ತಳ ಸೇರುತ್ತವೆ, ಎಲೆಗೆ ಅಂಟುವುದಿಲ್ಲ. ಬಂದ ಬಣ್ಣ ತಿಳಿ ಆಕಾಶನೀಲಿಯಾಗಿರಬೇಕು.

ಈಗ ಪರೀಕ್ಷೆ. ತಿಕ್ಕಿ ಹೊಳೆಯಿಸಿದ ಕಬ್ಬಿಣದ ಚಾಕು ಅಥವಾ ಕುಡುಗೋಲಿನ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು; ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ನೋಡಿ. ಈ ಹೆಜ್ಜೆಯನ್ನು ಬಿಟ್ಟು ಹೊಡೆದರೆ ಉಳಿದ ತಾಮ್ರ ಎಲೆ ಸುಡುತ್ತದೆ, ಜನ ಅದನ್ನು ರೋಗವೆಂದು ತಿಳಿದು ಮತ್ತೆ ಹೊಡೆಯುತ್ತಾರೆ. ಹಳೆಯ ಸುಣ್ಣದಲ್ಲಿ ಶಕ್ತಿ ಇರುವುದಿಲ್ಲವಾದ್ದರಿಂದ ತೂಕ ಸರಿಯಿದ್ದರೂ ಪರೀಕ್ಷೆ ತಪ್ಪಬಾರದು. ಮಾಡಿದ ದಿನವೇ ಮುಗಿಸಿ. ಬೇರೆ ಯಾವ ಕೀಟನಾಶಕವನ್ನೂ ಇದರೊಂದಿಗೆ ಬೆರೆಸಬೇಡಿ.

ಹತ್ತಿಪ್ಪತ್ತು ಗಿಡ ಮಾತ್ರ ಇರುವವರು ಇಷ್ಟು ಮಾಡಬೇಕಾಗಿಲ್ಲ. ತಾಮ್ರದ ಆಕ್ಸಿಕ್ಲೋರೈಡ್ ಶೇ 50ರ ಪುಡಿ ಸಿಗುತ್ತದೆ. ಲೀಟರಿಗೆ 3 ಗ್ರಾಂ.

ಪ್ರಶ್ನೆ: ಅಂಗಡಿಯವರು ಮೊದಲು ಕಾರ್ಬೆಂಡಜಿಮ್ ಕೊಟ್ಟರು, ನಿಲ್ಲಲಿಲ್ಲ. ಆಮೇಲೆ ಮೆಟಲಾಕ್ಸಿಲ್ ಇರುವ ಪುಡಿ ಕೊಟ್ಟರು. ಎರಡು ಸಲ ಹೊಡೆದರೂ ಗಿಡ ಕರಕಲಾಗುತ್ತಿದೆ. ಔಷಧಿ ನಕಲಿಯೇ?
— ಓದುಗರು, ಚಿಂತಾಮಣಿ

ಉತ್ತರ: ನಕಲಿ ಎಂದು ಹೇಳಬೇಕಾಗಿಲ್ಲ. ಕೊನೆ ಅಂಗಮಾರಿಯ ಜೀವಿ ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ, ಪಾಚಿಗಳ ಕಡೆಯ ನಂಟು. ಹಾಗಾಗಿ ಕಾರ್ಬೆಂಡಜಿಮ್, ಹೆಕ್ಸಾಕೊನಜೋಲ್, ಗಂಧಕ, ಇವು ಯಾವುವೂ ಇದಕ್ಕೆ ನಾಟುವುದಿಲ್ಲ. ಅಷ್ಟು ಹೊತ್ತಿಗೆ ನಿಮ್ಮ ಬೆಲೆಬಾಳುವ ಮೊದಲ ವಾರ ಕಳೆದುಹೋಯಿತು.

ಮೆಟಲಾಕ್ಸಿಲ್ ಒಂದು ಕಾಲಕ್ಕೆ ರಾಮಬಾಣವೇ ಆಗಿತ್ತು. ಆದರೆ ಈಚಿನ ವರ್ಷಗಳಲ್ಲಿ ದಕ್ಷಿಣ ಭಾರತದ ಟೊಮೆಟೊ, ಆಲೂಗಡ್ಡೆ ಹೊಲಗಳಲ್ಲಿ ಹರಡಿರುವ, ಈ ರೋಗಜೀವಿಯ 13_ಎ2 ಎಂಬ ವಂಶ ಅದಕ್ಕೆ ಬಗ್ಗುವುದಿಲ್ಲ. ಅದರ ಪುಡಿಯಲ್ಲಿ ಜೊತೆಗಿರುವ ಮ್ಯಾಂಕೋಜೆಬ್ ಮಾತ್ರ ಕೆಲಸ ಮಾಡುತ್ತದೆ, ಅದೂ ಎಲೆಯ ಮೇಲ್ಮೈಯಲ್ಲಿ, ರೋಗ ಒಳಹೋಗುವ ಮುಂಚೆ.

ಕ್ರಮ ಹೀಗಿರಲಿ. ರೋಗ ಇನ್ನೂ ಬಂದಿಲ್ಲ, ಮೋಡ ಹಿಡಿದಿದೆ ಎನ್ನುವಾಗ ಮ್ಯಾಂಕೋಜೆಬ್ ಶೇ 75ರ ಪುಡಿ ಲೀಟರಿಗೆ 2 ಗ್ರಾಂ, ಅಥವಾ ತಾಮ್ರದ ಔಷಧಿ. ಏಳರಿಂದ ಹತ್ತು ದಿನಕ್ಕೊಮ್ಮೆ. ಮಳೆ ಜೋರಾಗಿ ತೊಳೆದರೆ ಐದು ದಿನಕ್ಕೇ. ಮೊದಲ ಮಚ್ಚೆ ಕಂಡ ದಿನ ಎಲೆಯೊಳಕ್ಕೆ ಇಳಿಯುವ ಔಷಧಿ ಬೇಕು: ಸೈಮೋಕ್ಸಾನಿಲ್ ಶೇ 8 ಮತ್ತು ಮ್ಯಾಂಕೋಜೆಬ್ ಶೇ 64 ಕೂಡಿರುವ ಪುಡಿ ಲೀಟರಿಗೆ 2ರಿಂದ 3 ಗ್ರಾಂ. ವಾರದ ನಂತರ ಅದನ್ನೇ ಹೊಡೆಯದೆ, ಡೈಮೆಥೊಮಾರ್ಫ್ ಶೇ 50ರದ್ದು 1 ಗ್ರಾಂ ಜೊತೆಗೆ ಮ್ಯಾಂಕೋಜೆಬ್ 2 ಗ್ರಾಂ. ಒಂದೇ ಔಷಧಿಯನ್ನು ಬೆನ್ನುಬೆನ್ನಿಗೆ ಹೊಡೆದರೆ ಮೆಟಲಾಕ್ಸಿಲ್‌ಗೆ ಆದ ಗತಿಯೇ ಇವಕ್ಕೂ ಆಗುತ್ತದೆ. ಸೈಮೋಕ್ಸಾನಿಲ್ ಕೂಡ ಸೋಂಕು ಇಳಿದ ಒಂದೆರಡು ದಿನದೊಳಗಿನದನ್ನಷ್ಟೇ ತಡೆಯುತ್ತದೆ. ಕರಕಲಾದ ಎಲೆಯನ್ನು ಮತ್ತೆ ಹಸಿರು ಮಾಡುವ ಔಷಧಿ ಯಾವುದೂ ಇಲ್ಲ.

ಅಳತೆಯನ್ನು ಚಮಚೆಯಲ್ಲಿ ಮಾಡಬೇಡಿ. ಪುಡಿಯಿಂದ ಪುಡಿಗೆ ಚಮಚೆಯ ತೂಕ ಬದಲಾಗುತ್ತದೆ. ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇಟ್ಟುಕೊಳ್ಳಿ. ಎಲೆಯ ಕೆಳಭಾಗ ಮತ್ತು ಗಿಡದ ಒಳಭಾಗ ತೊಯ್ಯುವಂತೆ ಹೊಡೆಯಿರಿ. ಬರೀ ಮೇಲ್ಭಾಗಕ್ಕೆ ಬೀಸಿದರೆ ಬೂಷ್ಟು ಏಳುವ ಜಾಗ ಒಣಗಿಯೇ ಉಳಿಯುತ್ತದೆ. ಕೈಗವಸು, ಮುಖಕ್ಕೆ ಮಾಸ್ಕ್ ಇರಲಿ. ಪೊಟ್ಟಣದ ಮೇಲೆ ನಿಮ್ಮ ಬೆಳೆಯ ಹೆಸರಿದೆಯೇ, ಹೊಡೆದು ಎಷ್ಟು ದಿನಕ್ಕೆ ಕಾಯಿ ಕೀಳಬಹುದು ಎಂದಿದೆಯೇ ನೋಡಿ, ಅಷ್ಟು ದಿನ ಕಾಯಿರಿ. ಮನೆಮಂದಿ ತಿನ್ನುವ ಕಾಯಿ ಇದು.

ಪ್ರಶ್ನೆ: ಹುಳಿ ಮಜ್ಜಿಗೆ, ಬೇವಿನ ಎಣ್ಣೆ, ಟ್ರೈಕೋಡರ್ಮಾ, ಇವುಗಳಲ್ಲೇ ನಿಭಾಯಿಸಲು ಆಗುವುದಿಲ್ಲವೇ? ರಾಸಾಯನಿಕ ಬಳಸುವುದಿಲ್ಲವೆಂದು ನಿರ್ಧರಿಸಿದ್ದೇನೆ.
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ನಿರ್ಧಾರ ಒಳ್ಳೆಯದೇ, ಆದರೆ ಈ ಮೂರನ್ನು ನಂಬಿ ಕೂರಬೇಡಿ. ಬೇವಿನ ಎಣ್ಣೆ ಕೀಟಕ್ಕೆ. ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಮಣ್ಣಿನ ಬೇರುಕೊಳೆಗೆ ಉಪಕಾರಿ, ಗಾಳಿಯಲ್ಲಿ ಬಂದು ಎಲೆಗೆ ಕೂರುವ ಈ ರೋಗಕ್ಕೆ ಅದರ ಭರವಸೆ ಇಲ್ಲ. ಹುಳಿ ಮಜ್ಜಿಗೆಯನ್ನು ಮಳೆ ಕ್ಷಣದಲ್ಲಿ ತೊಳೆಯುತ್ತದೆ.

ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ಒಣಗಿದ ಎಲೆ. ಹತ್ತು ಹನ್ನೆರಡು ಗಂಟೆ ಎಲೆ ಒದ್ದೆಯಿದ್ದು, ಹವೆ 10ರಿಂದ 25 ಡಿಗ್ರಿ ನಡುವೆ ಇದ್ದರೆ ಮಾತ್ರ ಈ ರೋಗ ಸರಾಗವಾಗಿ ಹಿಡಿಯುತ್ತದೆ. 30 ಡಿಗ್ರಿ ದಾಟಿದ ಒಣ ಬಿಸಿಲಿನಲ್ಲಿ ಅದು ಮುಂದುವರಿಯುವುದಿಲ್ಲ. ಆದ್ದರಿಂದ ಕುಂಡಗಳನ್ನು ಸೂರಿನಡಿಗೆ ಸರಿಸಿ, ಅಥವಾ ಬಿದಿರಿನ ಚೌಕಟ್ಟಿಗೆ ಪಾರದರ್ಶಕ ಪಾಲಿಥೀನ್ ಹಾಳೆಯ ಮಾಡು ಮಾಡಿ. ಮೇಲೆ ಮುಚ್ಚಿರಲಿ, ನಾಲ್ಕೂ ಬದಿ ತೆರೆದಿರಲಿ. ಬದಿ ಮುಚ್ಚಿದರೆ ಒಳಗೆ ತೇವ ನಿಂತು ಮಳೆಯಲ್ಲಿದ್ದದ್ದಕ್ಕಿಂತ ಕೆಡುತ್ತದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಸಾಲಿಂದ ಸಾಲಿಗೆ ಎರಡಡಿ ಬಿಡಿ. ಗೂಟ ಕಟ್ಟಿ ಎಬ್ಬಿಸಿ, ನೆಲದಿಂದ ಒಂದಡಿಯವರೆಗಿನ ಎಲೆ ಮತ್ತು ಕಂಕುಳಕುಡಿ ತೆಗೆಯಿರಿ. ನೀರು ಬೆಳಿಗ್ಗೆ, ಬುಡಕ್ಕೆ ಮಾತ್ರ. ಸಗಣಿಗೊಬ್ಬರ, ಯೂರಿಯಾ ಅತಿಯಾಗಿ ಕೊಟ್ಟು ಸೊಂಪಾಗಿ ಬೆಳೆದ ಗಿಡದ ಒಳಗೆ ಗಾಳಿಯಾಡದೆ ಮೊದಲು ಅಲ್ಲಿಯೇ ರೋಗ ಬರುತ್ತದೆ. ಇಷ್ಟರ ಮೇಲೆ ಬೋರ್ಡೋ ದ್ರಾವಣ ಸಾವಯವ ಕೃಷಿಕರೂ ಮಿತವಾಗಿ ಬಳಸುವಂಥದ್ದು. ಅಷ್ಟಕ್ಕೆ ನೀವು ಒಪ್ಪಿದರೆ ಜೂನ್‌ನಿಂದ ನವೆಂಬರ್‌ವರೆಗಿನ ಬೆಳೆಯೂ ಕೈ ಸೇರೀತು. ಒಪ್ಪದಿದ್ದರೆ ಜನವರಿಯಲ್ಲಿ ಸಸಿ ಮಾಡಿ ಬೇಸಿಗೆಯ ಬೆಳೆ ತೆಗೆಯಿರಿ.

ಪ್ರಶ್ನೆ: ರೋಗದ ಗಿಡದ ಕಾಯಿ ತಿನ್ನಬಹುದೇ? ಉಪ್ಪಿನಕಾಯಿ ಹಾಕಬಹುದೇ?
— ಓದುಗರು, ಧಾರವಾಡ

ಉತ್ತರ: ಮಚ್ಚೆಯಿಲ್ಲದ ಕಾಯಿಯನ್ನು ಧಾರಾಳವಾಗಿ ತಿನ್ನಬಹುದು, ಮನುಷ್ಯರಿಗೆ ಈ ರೋಗ ಏನೂ ಮಾಡದು. ಮಚ್ಚೆಯಿರುವುದನ್ನು ಬಿಸಾಡಿ. ಉಪ್ಪಿನಕಾಯಿ, ಸಾಸ್, ಡಬ್ಬಿಯಲ್ಲಿ ತುಂಬಿಡುವ ಗೊಜ್ಜಿಗೆ ರೋಗ ತಗುಲಿದ ಕಾಯಿ ಹಾಕಲೇಬೇಡಿ: ಕೆಟ್ಟ ಭಾಗದ ಸುತ್ತ ಹುಳಿ ಕಡಿಮೆಯಾಗಿ, ಇಟ್ಟದ್ದು ಕೆಡುವ ಅಪಾಯವಿದೆ. ಗಿಡ ಕೀಳುವ ಮುಂಚೆ ಬಿಡಿಸಿದ ದೋರೆಗಾಯಿಗಳನ್ನು ಒಂದಕ್ಕೊಂದು ತಾಗದಂತೆ ಕಾಗದದ ಮೇಲೆ ಹರಡಿ, ದಿನಾ ನೋಡಿ ಮಚ್ಚೆ ಎದ್ದದ್ದನ್ನು ಆರಿಸಿ ತೆಗೆಯಿರಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಬಾಡಿಗೆಯ ತೋಟದ ತುಂಡಿನಲ್ಲಿ ಟೊಮೆಟೊ, ಆಲೂ ಬೆಳೆಯುತ್ತೇವೆ. ಪ್ರತಿ ಆಗಸ್ಟ್‌ನಲ್ಲೂ ಎಲ್ಲರ ತೋಟವೂ ಒಟ್ಟಿಗೆ ಕಪ್ಪಾಗುತ್ತದೆ. ಔಷಧಿಯೇ ಸಿಗುವುದಿಲ್ಲ.
— ಓದುಗರು, ರೆಡಿಂಗ್

ಉತ್ತರ: ಅಲ್ಲಿ ಮನೆತೋಟದವರಿಗೆ ಇದಕ್ಕೆ ಅನುಮತಿಯಿರುವ ಸಿಂಪಡಣೆ ಇಲ್ಲ, ಆದ್ದರಿಂದ ತಳಿ ಮತ್ತು ಕಾಲ ಎರಡರಲ್ಲೇ ಗೆಲ್ಲಬೇಕು. ಆಲೂಗಡ್ಡೆಯಲ್ಲಿ ‘ಫಸ್ಟ್ ಅರ್ಲಿ’ ಎನ್ನುವ ಬೇಗ ಬಲಿಯುವ ತಳಿಗಳನ್ನು ಹಾಕಿ ಜುಲೈ ಒಳಗೆ ಕಿತ್ತುಬಿಟ್ಟರೆ ರೋಗಕ್ಕೆ ಸಿಗುವುದೇ ಇಲ್ಲ. ತಡದ ಬೆಳೆಗೆ ಸಾರ್ಪೊ ಮೀರಾ ತಳಿ. ಟೊಮೆಟೊದಲ್ಲಿ ಕ್ರಿಮ್ಸನ್ ಕ್ರಶ್, ಮೌಂಟನ್ ಮ್ಯಾಜಿಕ್ ಹೊರಗೂ ತಾಳುತ್ತವೆ. ಬೇರೆ ತಳಿಗಳನ್ನು ಗಾಜಿನ ಮನೆಯೊಳಗೆ ಇಡಿ. ಅಲ್ಲಿಯ ಎಚ್ಚರಿಕೆಯ ಲೆಕ್ಕ ಹೀಗಿದೆ: ಸತತ ಎರಡು ದಿನ ಕನಿಷ್ಠ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯದೆ, ಎರಡೂ ದಿನ ತಲಾ ಆರು ಗಂಟೆಯಾದರೂ ತೇವಾಂಶ ಶೇ 90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗ ಬರುವ ಹವೆ. ಹಟನ್ ಮಾನದಂಡ ಎನ್ನುವುದು ಇದನ್ನೇ. ಹಿಂದಿನ ವರ್ಷ ಮಣ್ಣಿನಲ್ಲಿ ಉಳಿದ ಗಡ್ಡೆ ತಾನಾಗಿ ಚಿಗುರಿದ್ದರೆ ಮೊದಲು ಅದನ್ನು ಕಿತ್ತೆಸೆಯಿರಿ. ಚಳಿಗಾಲದಲ್ಲಿ ರೋಗ ಬದುಕುಳಿಯುವುದು ಹೆಚ್ಚಾಗಿ ಅಂಥ ಗಡ್ಡೆಯಲ್ಲೇ.

ಪ್ರಶ್ನೆ: ಪತ್ರೊಡೆಗೆಂದು ಬೆಳೆಸಿದ ಕೆಸುವಿನ ಎಲೆಯಲ್ಲಿ ದುಂಡು ಮಚ್ಚೆಗಳು, ಅಂಟಂಟು ಹನಿಗಳು. ಟೊಮೆಟೊದಿಂದ ಬಂತೇ?
— ಓದುಗರು, ಪುತ್ತೂರು

ಉತ್ತರ: ಇಲ್ಲ. ಅದು ಕೆಸುವಿನದೇ ಬೇರೆ ಅಂಗಮಾರಿ, ಅದೇ ಕುಲದ ಇನ್ನೊಂದು ಜೀವಿ. ಮಚ್ಚೆಯಲ್ಲಿ ಸುತ್ತುಸುತ್ತಾದ ಬಳೆಗಳು, ಹಳದಿ ಹನಿಗಳು ಅದರ ಗುರುತು. ಟೊಮೆಟೊಗೆ ಅದು ದಾಟದು, ಟೊಮೆಟೊದ ರೋಗ ಕೆಸುವಿಗೂ ದಾಟದು. ಮಚ್ಚೆಯ ಎಲೆ ಕೊಯ್ದು ಹೂಳಿ, ಸಾಲು ತೆಳುಗೊಳಿಸಿ. ಎಲೆಯನ್ನೇ ತಿನ್ನುವುದರಿಂದ ಔಷಧಿ ಹೊಡೆಯದಿರುವುದೇ ಲೇಸು.

ಪ್ರಶ್ನೆ: ಈ ವರ್ಷ ಎಲ್ಲ ಹೋಯಿತು. ಅದೇ ಮಣ್ಣು, ಅದೇ ಬೀಜ ಮುಂದಿನ ಸಲ ಬಳಸಬಹುದೇ? ರೋಗ ಬಾರದ ತಳಿ ಇದೆಯೇ?
— ಓದುಗರು, ಶ್ರೀನಿವಾಸಪುರ

ಉತ್ತರ: ತೊಳೆದು ಒಣಗಿಸಿದ ಟೊಮೆಟೊ ಬೀಜದಿಂದ ಈ ರೋಗ ಬರುವುದಿಲ್ಲವೆಂದೇ ತಿಳಿಯಿರಿ. ಜೀವಂತ ಅಂಗಾಂಶವಿಲ್ಲದೆ ರೋಗ ಬಹಳ ದಿನ ಬದುಕುವುದಿಲ್ಲ, ಹಾಗಾಗಿ ಮಣ್ಣನ್ನು ಚೆಲ್ಲಬೇಕಾಗಿಲ್ಲ. ಬೇರು, ಕಾಯಿ, ಗಡ್ಡೆಯ ಚೂರುಗಳನ್ನು ಆರಿಸಿ ಬೇಸಿಗೆಯಲ್ಲಿ ಒಣಗಿಸಿ, ಮುಂದಿನ ಬೆಳೆಗೆ ಅಲ್ಲಿ ಹುರುಳಿಕಾಯಿ ಅಥವಾ ಸೊಪ್ಪು ಹಾಕಿ. ಆಲೂಗಡ್ಡೆಯ ಮಾತು ಬೇರೆ: ರೋಗದ ಹೊಲದ ಗಡ್ಡೆಯನ್ನು ಬಿತ್ತನೆಗೆ ಇಡಲೇಬಾರದು, ರೋಗ ಊರಿಂದೂರಿಗೆ ಹೋಗುವುದು ಅದರಲ್ಲೇ.

ತಳಿಯ ವಿಷಯದಲ್ಲಿ ಒಂದು ಗೊಂದಲ ಬಿಡಿಸಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಾಳುವುದು ಎಲೆಮುದುಡು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿಯನ್ನು. ಕೊನೆ ಅಂಗಮಾರಿಗೆ ಅದು ಬೀಳುತ್ತದೆ. ಕೊನೆ ಅಂಗಮಾರಿಯನ್ನೂ ಸೇರಿಸಿ ನಿರೋಧಕ ಎಂದು ಅದೇ ಸಂಸ್ಥೆ ಬಿಟ್ಟಿರುವುದು ಅರ್ಕಾ ಅಭೇದ್. ಹಾಸನದ ಕಡೆ ಹೆಚ್ಚು ಬೆಳೆಯುವ ಕುಫ್ರಿ ಜ್ಯೋತಿ ಆಲೂ ಮೊದಲು ತಾಳುತ್ತಿತ್ತು, ಈಗ ತಾಳುವುದಿಲ್ಲ. ಕುಫ್ರಿ ಹಿಮಾಲಿನಿ ಸ್ವಲ್ಪ ಮೇಲು. ನಿರೋಧಕ ತಳಿ ಹಾಕಿದರೂ ಮೋಡದ ದಿನಗಳಲ್ಲಿ ಬೆಳಿಗ್ಗೆ ಎಲೆಯ ಕೆಳಭಾಗ ನೋಡುವುದನ್ನು ಬಿಡಬೇಡಿ, ಒಂದು ಸುತ್ತು ಮ್ಯಾಂಕೋಜೆಬ್ ಅಥವಾ ತಾಮ್ರ ಮನೆಯಲ್ಲಿ ಸಿದ್ಧವಿರಲಿ.